ಹೆಬ್ಬೆರಳಿನ ಉಗುರು ಮರಳಿ ಬರಲು ಹಿಡಿದ 15 ತಿಂಗಳು

ಮುಧೋಳ ತಾಲ್ಲೂಕಿನ ನಮ್ಮ ಹೊಲ ಘಟಪ್ರಭೆಯ ದಂಡೆಗಿದೆ. ಕಬ್ಬಿಗೆ ನೀರು ಹಾಯಿಸುವ ಕೆಲಸ ಹೆಚ್ಚಾಗಿ ರಾತ್ರಿಯೇ ನಡೆಯುವುದರಿಂದ, ಹಾವಿನ ಭಯಕ್ಕೆ ಗಮ್‌ಬೂಟು ಹಾಕಿಕೊಂಡು ನಸುಕಿನವರೆಗೆ ಎರೆಮಣ್ಣಿನ ಕೆಸರಿನಲ್ಲಿ ನಿಲ್ಲುವುದು ನನ್ನ ರೂಢಿ. ಬೂಟಿನೊಳಗಿನ ಬೆವರಿಗೆ ಬೆರಳ ಸಂದಿಯಲ್ಲಿ ಆಗುತ್ತಿದ್ದ ಕೆಸರುಹುಣ್ಣನ್ನು ನಾನು ಕಾಯಿಲೆಯೆಂದೇ ಎಣಿಸಿರಲಿಲ್ಲ. ಆ ಸಂದಿಯ ಶಿಲೀಂಧ್ರವೇ ಬಲಗಾಲಿನ ಹೆಬ್ಬೆರಳಿನ ಉಗುರಿನ ಅಡಿಗೆ ಸೇರಿತ್ತೆಂಬುದು ತಿಳಿದದ್ದು ಬಹಳ ತಡವಾಗಿ.

ಮೊದಲು ತುದಿಯ ಒಂದು ಮೂಲೆ ಹಳದಿಯಾಯಿತು. ವರ್ಷದೊಳಗೆ ಮುಕ್ಕಾಲು ಉಗುರು ದಪ್ಪಗಾಗಿ, ಅಡಿಯಲ್ಲಿ ಜೋಳದ ಹಿಟ್ಟಿನಂಥ ಪುಡಿ ತುಂಬಿ, ಬೂಟು ತಾಗಿದರೆ ನೋಯತೊಡಗಿತು. ಬೇವಿನೆಣ್ಣೆ ಹಚ್ಚಿ ನೋಡಿದೆ. ಅಂಗಡಿಯಲ್ಲಿ ಕೇಳಿ ತಂದ ಮುಲಾಮನ್ನು ಎಂಟು ತಿಂಗಳು ಹಚ್ಚಿದೆ. ಅದರಲ್ಲಿ ಸ್ಟಿರಾಯ್ಡ್ ಬೆರೆತಿದ್ದುದರಿಂದ ತುರಿಕೆ ಅಡಗಿದಂತೆ ಕಂಡಿತೇ ಹೊರತು, ಸೋಂಕು ಅಂಗಾಲಿಗೂ ಹಬ್ಬಿತು. ದಪ್ಪ ಉಗುರನ್ನು ದಾಟಿ ಒಳಗಿಳಿಯುವ ಶಕ್ತಿಯಂತೂ ಅದಕ್ಕೆ ಇರಲೇ ಇಲ್ಲ.

ಬಾಗಲಕೋಟೆಯಲ್ಲಿ ನಾನು ಕಂಡ ಚರ್ಮವೈದ್ಯೆ ಮಾತ್ರೆ ಬರೆಯುವ ಮೊದಲು ಆ ಪುಡಿಯನ್ನು ಕೆರೆದು ಗಾಜಿನ ಪಟ್ಟಿಯ ಮೇಲೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. “ಕಾಕಾರ, ಉಗುರು ಕೆಟ್ಟೋರಿಗೆಲ್ಲಾ ಫಂಗಸ್ಸೇ ಇರೂದಿಲ್ರಿ. ಸುಮಾರು ಅರ್ಧ ಮಂದಿಗೆ ಸೋರಿಯಾಸಿಸ್, ಪೆಟ್ಟು, ಹಿಂಗ ಬ್ಯಾರೆ ಕಾರಣ ಇರತಾವ” ಎಂದರು. ನನ್ನನ್ನೂ ಕರೆದು ತೋರಿಸಿದಾಗ, ಶಿಲೀಂಧ್ರದ ಗಂಟುಗಂಟಾದ ತೆಳು ಎಳೆಗಳು ಕವಲೊಡೆದು ಹರಡಿದ್ದವು. ತಿಂಗಳುಗಟ್ಟಲೆ ನುಂಗುವ ಮಾತ್ರೆಯನ್ನು ಈ ಪರೀಕ್ಷೆಯಿಲ್ಲದೆ ಆರಂಭಿಸಬಾರದೆಂಬ ಅವರ ಮಾತು ನನಗೆ ಪೂರ್ಣ ಒಪ್ಪಿಗೆಯಾಯಿತು.

ಯಕೃತ್ತಿನ ರಕ್ತಪರೀಕ್ಷೆ ಸರಿಯಿದ್ದುದರಿಂದ ಟರ್ಬಿನಾಫಿನ್ 250 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೊಂದರಂತೆ 12 ವಾರ ಬರೆದುಕೊಟ್ಟರು. ಕೈಯುಗುರಾಗಿದ್ದರೆ 6 ವಾರ ಸಾಕಾಗುತ್ತಿತ್ತು. ನಾಲಿಗೆಯ ರುಚಿ ಕೆಟ್ಟರೆ, ಮೂತ್ರ ಕಪ್ಪಗಾದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಬರಬೇಕೆಂದು ಎಚ್ಚರಿಸಿದರು. ಆರಂಭದ ದಿನವೇ ನಾನು ಉಗುರಿನ ಬುಡದ ಹತ್ತಿರ, ಒಳ್ಳೆಯ ಭಾಗ ಮುಗಿದು ಹಳದಿ ಶುರುವಾಗುವಲ್ಲಿ, ಅರದಿಂದ ಒಂದು ಸಣ್ಣ ಗೀರು ಹಾಕಿಕೊಂಡೆ. ಗೀರು ಮಾಸಿದಂತೆ ಕಂಡಾಗಲೆಲ್ಲ ಅದರ ಮೇಲೆಯೇ ಮತ್ತೊಮ್ಮೆ ಅರ ಆಡಿಸುತ್ತಿದ್ದೆ.

ಮಾತ್ರೆ ಮುಗಿದ ದಿನವೂ ಉಗುರು ನೋಡಲು ಮೊದಲಿನಷ್ಟೇ ಹಳದಿಯಾಗಿತ್ತು. ಆದರೆ ಗೀರು ಸುಮಾರು 4 ಮಿಲಿಮೀಟರು ಮುಂದೆ ಸರಿದಿತ್ತು, ಅದರ ಹಿಂದೆ ಬಂದ ಉಗುರು ತೆಳುವಾಗಿ, ಗುಲಾಬಿಯಾಗಿತ್ತು. ಆ ಗೀರು ಇಲ್ಲದಿದ್ದರೆ ಔಷಧ ವ್ಯರ್ಥವಾಯಿತೆಂದು ನಾನು ಖಂಡಿತ ಕೈಚೆಲ್ಲುತ್ತಿದ್ದೆ. ಕೆಟ್ಟ ಉಗುರು ವಾಸಿಯಾಗುವುದಿಲ್ಲ, ಬುಡದಿಂದ ಬರುವ ಹೊಸ ಉಗುರು ಅದನ್ನು ಹೊರಗೆ ತಳ್ಳುತ್ತದೆ. ಮಾತ್ರೆ ನಿಂತ ಮೇಲೂ ಔಷಧ ಉಗುರಿನಲ್ಲಿ ಕೆಲವು ತಿಂಗಳು ಉಳಿದಿರುತ್ತದೆ.

ಅಷ್ಟರಲ್ಲಿ ಬೂಟುಗಳನ್ನು ಎರಡು ಜೊತೆ ಮಾಡಿಕೊಂಡು ಒಂದನ್ನು ಬಿಸಿಲಿಗಿಟ್ಟೆ, ಉಗುರು ಕತ್ತರಿಯನ್ನು ಬೇರೆಯಿಟ್ಟೆ. ಮನೆಯವಳ ಬೆರಳ ಸಂದಿಗೂ ಸ್ಟಿರಾಯ್ಡ್ ಇಲ್ಲದ ಮುಲಾಮು ಬರೆಸಿಕೊಂಡು ಬಂದೆ, ಏಕೆಂದರೆ ಒಂದೇ ಬಚ್ಚಲಲ್ಲಿ ಕಾಲು ತೊಳೆಯುವವರಲ್ಲಿ ಒಬ್ಬರಿಗಷ್ಟೇ ಔಷಧಿಯಾದರೆ ಸೋಂಕು ಮರಳುತ್ತದೆ. ಯುಗಾದಿಗೆ ಹಾಕಿದ ಗೀರು ಮರುವರ್ಷದ ಕಾರಹುಣ್ಣಿಮೆಯ ಹೊತ್ತಿಗೆ ತುದಿಗೆ ಬಂತು. ಕೊನೆಯ ಹಳದಿ ಚೂರಿನೊಂದಿಗೆ ಅದನ್ನೂ ಕತ್ತರಿಸಿ ತೆಗೆದೆ.