ಹತ್ತು ಚೀಲ ತೂಗಿ ಓಟಿ ಪರೀಕ್ಷಿಸುವುದು: ಟಿ-ಟೆಸ್ಟ್ ನಾನು ಮಾಡುವ ಬಗೆ

ಕೊಡಗಿನಲ್ಲಿ ರೋಬಸ್ಟಾ ಕಾಫಿಯ ಚೆರಿಯ (ಸಿಪ್ಪೆಸಮೇತ ಒಣಗಿಸಿದ ಹಣ್ಣಿನ) ಮಾತು ಬಂದರೆ ಓಟಿಯ, ಅಂದರೆ ಔಟ್‌ಟರ್ನ್‌ನ, ಮಾತು ಬಂದೇ ಬರುತ್ತದೆ: 50 ಕೆಜಿ ಚೀಲಕ್ಕೆ ಎಷ್ಟು ಕೆಜಿ ಬೀಜ? ‘ಈ ಲಾಟಿಗೆ 26 ಓಟಿ ಇದೆ’ ಎಂದು ಯಾರಾದರೂ ಹೇಳಿದಾಗ ಆ ಲಾಟಿನ (ಒಟ್ಟಿಗೆ ಮಾರುವ ಸರಕಿನ) ಇನ್ನೂರು ಚೀಲವನ್ನೂ ಒಡೆದು ನೋಡಲಾಗುವುದಿಲ್ಲ. ಅಲ್ಲಿ ನಾನು ಬಳಸುವುದು ಒನ್-ಸ್ಯಾಂಪಲ್ ಟಿ-ಟೆಸ್ಟ್: ಆರಿಸಿದ ಕೆಲವು ಚೀಲಗಳ ಸರಾಸರಿ, ಹೇಳಿದ ಸಂಖ್ಯೆಗೆ ಹೊಂದುತ್ತದೆಯೇ ಎಂದು ನೋಡುವ ಲೆಕ್ಕ.

ಶೂನ್ಯ ಊಹೆ (ಪರೀಕ್ಷೆಗೆ ಒಡ್ಡುವ ಹೇಳಿಕೆ): ಲಾಟಿನ ಸರಾಸರಿ ಓಟಿ 26, ಅಂದರೆ 500 ಗ್ರಾಂ ಚೆರಿಗೆ 260 ಗ್ರಾಂ ಬೀಜ. ಪರ್ಯಾಯ ಊಹೆ: ಸರಾಸರಿ 260 ಅಲ್ಲ. ಹೆಚ್ಚೋ ಕಡಿಮೆಯೋ ಎರಡೂ ಕಡೆ ನೋಡುತ್ತೇನೆ. ತೂಕ ಕಂಡಮೇಲೆ ‘ಕಡಿಮೆಯನ್ನಷ್ಟೇ ಹುಡುಕುತ್ತಿದ್ದೆ’ ಎಂದರೆ ಅದು ಪರೀಕ್ಷೆಯಲ್ಲ, ವಕಾಲತ್ತು. ಶೇ 5ರ ಮಟ್ಟವನ್ನೂ (ಹೇಳಿಕೆ ನಿಜವಿದ್ದರೂ ತಪ್ಪಾಗಿ ತಳ್ಳಿಹಾಕುವ ಸಾಧ್ಯತೆ ಇಷ್ಟೇ ಇರಲಿ ಎಂಬ ಮಿತಿ) ಚೀಲಗಳ ಸಂಖ್ಯೆಯನ್ನೂ ಮೊದಲೇ ಬರೆದಿಡುತ್ತೇನೆ. ಬೇಕಾದ ಉತ್ತರ ಬರುವವರೆಗೆ ಇನ್ನೊಂದು, ಮತ್ತೊಂದು ಚೀಲ ಸೇರಿಸುತ್ತ ಹೋದರೆ ಆ ಶೇ 5ಕ್ಕೆ ಬೆಲೆಯಿಲ್ಲ.

ಲೆಕ್ಕ ಕೆಡುವುದು ಹೆಚ್ಚಾಗಿ ಗೋದಾಮಿನಲ್ಲೇ. ಚೀಲಗಳಿಗೆ ಸೀಮೆಸುಣ್ಣದಲ್ಲಿ 1ರಿಂದ 200 ನಂಬರು ಹಾಕಿ, ಚೀಟಿ ಎತ್ತಿ ಹತ್ತನ್ನು ಆರಿಸಬೇಕು. ಅಟ್ಟಿಯ ಅಡಿಯಲ್ಲಿರುವ ಚೀಲ ಬಂದರೆ ಅದನ್ನೇ ಎಳೆಸಬೇಕು. ಬಾಗಿಲ ಬಳಿಯ ಹತ್ತು ಚೀಲ ಒಂದೇ ದಿನ ಕಣದಿಂದ ಬಂದದ್ದಾಗಿರಬಹುದು. ಪ್ರತಿ ಚೀಲದ ಮೇಲೆ, ನಡುವೆ, ತಳದಿಂದ ಚೆರಿ ತೆಗೆದು ಬೆರೆಸಿ 500 ಗ್ರಾಂ ತೂಗುತ್ತೇನೆ. ಒಂದೇ ಚೀಲದಿಂದ ಹತ್ತು ಸಲ ತೆಗೆದರೆ ಮಾದರಿ ಹತ್ತಾಗುವುದಿಲ್ಲ, ಲಾಟಿನ ಮಟ್ಟಿಗೆ ಅದು ಒಂದೇ. ಈ ತಪ್ಪು ಎಲ್ಲಕ್ಕಿಂತ ಹೆಚ್ಚು, ಸೂತ್ರ ಇದನ್ನು ಹಿಡಿಯುವುದೂ ಇಲ್ಲ. ಮಳೆಗಾಲದಲ್ಲಿ ಚೆರಿ ತೇವ ಎಳೆದುಕೊಳ್ಳುವುದರಿಂದ ಹತ್ತನ್ನೂ ಒಂದೇ ದಿನ ತೂಗಿ, ತೇವಾಂಶವನ್ನು ಪಕ್ಕದಲ್ಲೇ ಬರೆಯಬೇಕು. ತಕ್ಕಡಿಯೇ 3 ಗ್ರಾಂ ಕಡಿಮೆ ತೋರಿಸುತ್ತಿದ್ದರೆ ಟಿ-ಟೆಸ್ಟ್ ಅದನ್ನೂ ಲಾಟಿನ ತಲೆಗೇ ಕಟ್ಟುತ್ತದೆ.

ಸಿಪ್ಪೆ ಬಿಡಿಸಿದ ಮೇಲೆ ಬೀಜದ ತೂಕ ಹೀಗಿದೆ ಎನ್ನೋಣ: 256, 261, 252, 259, 254, 263, 250, 258, 255, 257. ಸರಾಸರಿ 256.5, ಮಾನಕ ವಿಚಲನೆ (ತೂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 3.98. ಎಕ್ಸೆಲ್‌ನಲ್ಲಿ ‘ಎಸ್’ ಇರುವ ಸ್ಟ್ಯಾಂಡರ್ಡ್ ಡೀವಿಯೇಷನ್ ಸೂತ್ರವನ್ನೇ ಹಾಕಬೇಕು, ಅದು 9ರಿಂದ ಭಾಗಿಸುತ್ತದೆ. ‘ಪಿ’ ಇರುವುದು 10ರಿಂದ ಭಾಗಿಸಿ ವಿಚಲನೆಯನ್ನು ಕಿರಿದು ಮಾಡುತ್ತದೆ. ಮಾನಕ ದೋಷ, ಅಂದರೆ ಸರಾಸರಿಯಲ್ಲೇ ಇರಬಹುದಾದ ಏರುಪೇರಿನ ಅಳತೆ, 3.98 ಭಾಗಿಸು 10ರ ವರ್ಗಮೂಲ, 1.26. ಟಿ ಎಂದರೆ ಮೈನಸ್ 3.5 (256.5ರಲ್ಲಿ 260 ಕಳೆದದ್ದು) ಭಾಗಿಸು 1.26, ಸುಮಾರು ಮೈನಸ್ 2.78. ಡಿಗ್ರೀಸ್ ಆಫ್ ಫ್ರೀಡಂ (ಚೀಲಗಳ ಸಂಖ್ಯೆಗಿಂತ ಒಂದು ಕಡಿಮೆ) 9ಕ್ಕೆ ಟಿ ಕೋಷ್ಟಕದ ಗಡಿ 2.262. ಮೈನಸ್ ಚಿಹ್ನೆ ಬಿಟ್ಟು ನೋಡಿದರೆ ದಾಟಿದೆ, ಶೂನ್ಯ ಊಹೆಯನ್ನು ಬಿಡುತ್ತೇವೆ. (ಈ ಟಿ ಬಂದದ್ದು ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಿಂದ: ಅಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅವರ ತೊಡಕೂ ಕೈಗೆ ಸಿಗುವ ಮಾದರಿ ಕಡಿಮೆ ಎಂಬುದೇ.)

ಪಿ ಬೆಲೆ ಸುಮಾರು 0.02. ‘26 ಓಟಿ ನಿಜವಾಗಿರುವ ಸಾಧ್ಯತೆ ಶೇ 2’ ಎಂದು ಇದನ್ನು ಓದಬಾರದು. ಸರಾಸರಿ ನಿಜಕ್ಕೂ 260 ಇದ್ದರೆ ಇಷ್ಟು ಅಥವಾ ಇದಕ್ಕೂ ದೂರದ ಫಲಿತಾಂಶ ನೂರಕ್ಕೆ ಎರಡು ಸಲ ಬರುತ್ತದೆ, ಅಷ್ಟೇ.

ವ್ಯಾಪಾರಕ್ಕೆ ನನಗೆ ಪಿಗಿಂತ ಅಂತರವೇ ಮುಖ್ಯ. ಶೇ 95ರ ವಿಶ್ವಾಸಾಂತರ (ಲಾಟಿನ ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ) 253.7ರಿಂದ 259.3 ಗ್ರಾಂ, ಓಟಿಯಲ್ಲಿ ಸುಮಾರು 25.4ರಿಂದ 25.9. ಇನ್ನೂರು ಚೀಲಕ್ಕೆ ಖೋತಾ ಸುಮಾರು 13 ಕೆಜಿ ಇರಬಹುದು, 127 ಕೆಜಿಯೂ ಇರಬಹುದು. ಕಡಿಮೆ ಇದೆ ಎನ್ನುವುದಕ್ಕೆ ಆಧಾರ ಸಿಕ್ಕಿದೆ. ಎಷ್ಟು ಎಂದು ಜಗಳಕ್ಕೆ ನಿಲ್ಲುವಷ್ಟು ಸಿಕ್ಕಿಲ್ಲ.

ನಾಲ್ಕೇ ಚೀಲ ತೂಗಿ ಇದೇ ಸರಾಸರಿ, ಇದೇ ವಿಚಲನೆ ಬಂದಿದ್ದರೆ ಟಿ ಮೈನಸ್ 1.76, ಗಡಿ 3.182, ದಾಟುವುದಿಲ್ಲ. ಆಗ ‘26 ಸರಿ’ ಎಂದು ಸಾಬೀತಾಯಿತು ಎನ್ನುವವರಿದ್ದಾರೆ. ಸಾಬೀತಾದದ್ದು ಚೀಲ ಸಾಲದು ಎಂಬುದು. 2 ಗ್ರಾಂ ವ್ಯತ್ಯಾಸವನ್ನು ಹತ್ತಕ್ಕೆ ಎಂಟು ಸಲ ಹಿಡಿಯಬೇಕಾದರೆ, ವಿಚಲನೆ 4ರ ಆಸುಪಾಸಿದ್ದಾಗ, 34 ಚೀಲ ಬೇಕು.

ಕಾಯಿಕೊರಕ ಬಿದ್ದ ಕಾಯಿಗಳ ಶೇಕಡಾವಾರು ನೋಡುವಾಗ ಟಿ ಬೇಡ, ಅನುಪಾತದ ಝಡ್-ಟೆಸ್ಟ್ (ಶೇಕಡಾವಾರಿಗೆ ಇದೇ ಬಗೆಯ ಪರೀಕ್ಷೆ) ಸಾಕು. ಶೇ 5 ಕಾಯಿಗೆ ಹುಳು ಬಿದ್ದಿದೆ ಎಂಬ ಹೇಳಿಕೆಗೆ ಕನಿಷ್ಠ 200 ಕಾಯಿ ಎಣಿಸಬೇಕು, ಅವು ಬೇರೆ ಬೇರೆ ಗಿಡಗಳದ್ದಾಗಿರಬೇಕು. ಹುಳು ಗುಂಪಾಗಿ ಬೀಳುವುದರಿಂದ ಒಂದೇ ಗಿಡದ 200 ಕಾಯಿ ತೋಟದ ಲೆಕ್ಕ ಕೊಡುವುದಿಲ್ಲ.