ಬಲ್ಬ್ ಒತ್ತಲಾಗದವರ ತಲೆ ಸ್ಕ್ಯಾನ್

ಎಂಆರ್‌ಐ ಯಂತ್ರದೊಳಗೆ ಕಳಿಸುವ ಮೊದಲು ಎಲ್ಲರ ಕೈಗೂ ಒಂದು ರಬ್ಬರ್ ಬಲ್ಬ್ ಕೊಡುತ್ತೇವೆ. ಕಷ್ಟ ಆದರೆ ಒತ್ತಿ, ಹೊರಗೆ ತೆಗೆಯುತ್ತೇವೆ ಅಂತ ಹೇಳುತ್ತೇವೆ. ಬದಿಯಡ್ಕ ಕಡೆಯ ಒಬ್ಬ ಅಡಿಕೆ ಕೃಷಿಕರಿಗೂ ಹಾಗೇ ಕೊಟ್ಟೆ. ಅವರು ಬಲ್ಬ್ ನೋಡಿದರು, ನನ್ನ ಮುಖ ನೋಡಿದರು. ಏನೋ ಅಂದರು, ನಾಲಗೆ ತೊದಲುತ್ತಿತ್ತು. ಹೆಂಡತಿ ಬಿಡಿಸಿ ಹೇಳಿದರು: "ಅದನ್ನು ಒತ್ತುವ ಬಲ ಇದ್ರೆ ನಾನು ಇಲ್ಲಿಗೆ ಯಾಕೆ ಬರ್ತಿದ್ದೆ ಮಾರಾಯ್ರೆ ಅಂತ ಕೇಳ್ತಿದ್ದಾರೆ."

ನಾನು ಕಾಸರಗೋಡಿನಲ್ಲಿ ಎಂಆರ್‌ಐ ಟೆಕ್ನಿಷಿಯನ್. ಚಲನೆಯ ನರಗಳು ಸವೆಯುತ್ತಾ ಹೋಗುವ ಮೋಟರ್ ನ್ಯೂರಾನ್ ಕಾಯಿಲೆಯವರ ನರದ ಹಾದಿಯನ್ನು ಅಳೆಯಲು ನಾನು ಕಲಿತದ್ದು ಇವರಿಂದ. ಕಲಿತದ್ದಕ್ಕಿಂತ ಎಡವಿದ್ದೇ ಜಾಸ್ತಿ.

ಚಲನೆಯ ನರಗಳು ಎರಡು ಹಂತದಲ್ಲಿರುತ್ತವೆ. ಮೆದುಳಿನಿಂದ ಬೆನ್ನುಹುರಿಗೆ ಒಂದು, ಅಲ್ಲಿಂದ ಸ್ನಾಯುವಿಗೆ ಇನ್ನೊಂದು. ಎರಡನೆಯದು ಕೆಟ್ಟಿದೆಯಾ ಎಂದು ಸ್ನಾಯುವಿನ ವಿದ್ಯುತ್ ಅಳೆಯುವ ಇಎಂಜಿ ಸೂಜಿ ಹೇಳುತ್ತದೆ. ಮೊದಲನೆಯದಕ್ಕೆ ಇವತ್ತಿಗೂ ಡಾಕ್ಟರ ಕೈಯ ಸುತ್ತಿಗೆಯೇ ಮುಖ್ಯ: ಮೊಣಕಾಲಿಗೆ ತಟ್ಟಿದಾಗ ಕಾಲು ಎಷ್ಟು ಜೋರಾಗಿ ಚಿಮ್ಮುತ್ತದೆ, ಪಾದ ಗೀರಿದಾಗ ಹೆಬ್ಬೆರಳು ಮೇಲೇಳುತ್ತದಾ ಅಂತ. ಸಾಮಾನ್ಯ ಎಂಆರ್‌ಐಯಲ್ಲಿ ಇಂಥವರ ಮೆದುಳು ಹೆಚ್ಚಾಗಿ ಸರಿಯಾಗಿಯೇ ಕಾಣುತ್ತದೆ. ಆದರೂ ಸ್ಕ್ಯಾನ್ ಬೇಕು. ಕುತ್ತಿಗೆಯ ಮೂಳೆ ಸವೆದು ಹುರಿಯನ್ನು ಒತ್ತಿದರೂ ಹೀಗೇ ಕೈ ಸೊರಗಬಹುದು, ಅದಕ್ಕೆ ಆಪರೇಷನ್ ಇದೆ. ಅದು ಅಲ್ಲ ಎಂದು ಖಚಿತ ಮಾಡಿಕೊಳ್ಳುವುದೇ ಮೊದಲ ಕೆಲಸ.

ಚೀಟಿಯಲ್ಲಿ ಮಂಗಳೂರಿನ ನರರೋಗ ಡಾಕ್ಟರು ಕೊನೆಗೆ "ಸಾಧ್ಯವಾದರೆ ಡಿಟಿಐ" ಎಂದು ಬರೆದಿದ್ದರು. ಡಿಟಿಐ ಅಂದರೆ ಎಂಆರ್‌ಐಯಲ್ಲೇ ಒಂದು ಬಗೆಯ ಸ್ಕ್ಯಾನ್, ಅದು ನೋಡುವುದು ಮೆದುಳಿನೊಳಗಿನ ನೀರನ್ನು. ಒಣಗಿದ ಅಡಿಕೆ ಹಾಳೆಯ ಮೇಲೆ ಒಂದು ಹನಿ ಶಾಯಿ ಬಿಟ್ಟು ನೋಡಿ, ಗೆರೆ ಹಿಡಿದು ಉದ್ದಕ್ಕೆ ಹರಿಯುತ್ತದೆ. ಒತ್ತುಕಾಗದದ ಮೇಲೆ ಬಿಟ್ಟರೆ ಸುತ್ತ ಹರಡುತ್ತದೆ. ನರದ ಎಳೆಗಳು ಗಟ್ಟಿಯಾಗಿ ಒತ್ತೊತ್ತಾಗಿ ಇದ್ದಲ್ಲಿ ನೀರಿನ ಕಣಗಳು ಉದ್ದಕ್ಕೇ ಜಾಸ್ತಿ ಚಲಿಸುತ್ತವೆ. ಎಳೆ ಸವೆದರೆ ಅಡ್ಡಕ್ಕೂ ಹರಡುತ್ತವೆ. ಇದನ್ನು ಲೆಕ್ಕ ಹಾಕುವ ದಾರಿಯನ್ನು ಬಾಸರ್, ಮ್ಯಾಟಿಯೆಲ್ಲೊ, ಲೆ ಬಿಹಾನ್ 1994ರಲ್ಲಿ ತೋರಿಸಿದರು. ಹೊರಬರುವ ಒಂದು ಅಂಕಿಯ ಹೆಸರು ಎಫ್‌ಎ. 0 ಅಂದರೆ ಎಲ್ಲ ಕಡೆಗೂ ಸಮ, 1ರ ಹತ್ತಿರ ಅಂದರೆ ಒಂದೇ ದಿಕ್ಕು.

ಆವತ್ತು ಬಲ್ಬಿನ ಬದಲು ಹೆಂಡತಿಯನ್ನೇ ಒಳಗೆ ಕೂರಿಸಿದೆ. ಕರಿಮಣಿ, ಹೇರ್‌ಪಿನ್, ಬಳೆ ಎಲ್ಲ ತೆಗೆಸಿ, ಕಿವಿಗೆ ಹತ್ತಿ ಇಟ್ಟು, "ಅವರ ಪಾದ ಹಿಡಿದುಕೊಳ್ಳಿ, ಎರಡು ಸಲ ಅಲುಗಿಸಿದರೆ ನನಗೆ ಕೈ ತೋರಿಸಿ" ಅಂದೆ. ಕಾಲಿನಲ್ಲಿ ಇನ್ನೂ ಬಲ ಇತ್ತು. ಒಪ್ಪಿಗೆ ಪತ್ರ ಮಲಯಾಳದಲ್ಲಿ ಅಚ್ಚಾಗಿತ್ತು, ಇಬ್ಬರಿಗೂ ಓದಲು ಬರುವುದಿಲ್ಲ. ಕನ್ನಡದಲ್ಲಿ ಕೈಯಲ್ಲೇ ಬರೆದುಕೊಟ್ಟೆ. ಆ ಹಾಳೆಯ ಜೆರಾಕ್ಸ್ ಈಗಲೂ ನಮ್ಮ ಡ್ರಾಯರ್‌ನಲ್ಲಿದೆ.

ಮೊದಲ ತಪ್ಪು ಅಲ್ಲೇ ಆಯಿತು. ರೂಢಿಯಂತೆ ಡಿಟಿಐಯನ್ನು ಕೊನೆಗೆ ಇಟ್ಟೆ. ಅಂಗಾತ ಮಲಗಿದರೆ ಇಂಥವರಿಗೆ ಜೊಲ್ಲು ಗಂಟಲಿಗೆ ಇಳಿಯುತ್ತದೆ, ಉಸಿರಿನ ಸ್ನಾಯುವೂ ದುರ್ಬಲ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಪಾದ ಅಲುಗಿತು. ಚಿತ್ರ ಎಲ್ಲ ಕಲಸಿಹೋಗಿತ್ತು. ಕೂರಿಸಿ, ಬಾಯಿ ಒರೆಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಮಲಗಿಸಿದೆ. ಈಗ ಕುತ್ತಿಗೆಯ ಒಂದು ಉದ್ದ ಸೀಳು ಚಿತ್ರ ಆದ ಕೂಡಲೇ ಡಿಟಿಐ. ನೀರಿನ ಚಲನೆಯನ್ನು ಮೂವತ್ತು ದಿಕ್ಕಿನಲ್ಲಿ ಅಳೆಯುತ್ತೇವೆ. ಆರು ದಿಕ್ಕಿದ್ದರೂ ಲೆಕ್ಕ ನಡೆಯುತ್ತದೆ, ಆದರೆ ಆ ಅಂಕಿಯನ್ನು ನಾನು ನಂಬುವುದಿಲ್ಲ. ಉಳಿದದ್ದೆಲ್ಲ ಆಮೇಲೆ, ಸಾಧ್ಯವಾದರೆ ಮಾತ್ರ.

ಎರಡನೆಯ ತಪ್ಪು ದೊಡ್ಡದು. ಮೆದುಳಿನ ಮೇಲ್ಪದರದಿಂದ ಇಳಿಯುವ ಚಲನೆಯ ಎಳೆಗಳು ಮೆದುಳಿನ ಆಳದಲ್ಲಿರುವ ಇಂಟರ್ನಲ್ ಕ್ಯಾಪ್ಸೂಲ್ ಎಂಬ ಜಾಗದ ಹಿಂಭಾಗದ ಇಕ್ಕಟ್ಟಿನಲ್ಲಿ ಕೂಡುತ್ತವೆ. ಬಣ್ಣದ ನಕ್ಷೆಯಲ್ಲಿ ಮೇಲೆ ಕೆಳಗೆ ಹೋಗುವ ಎಳೆ ನೀಲಿ. ಆ ನೀಲಿಯ ಮೇಲೆ ವೃತ್ತ ಎಳೆದೆ, ಎಫ್‌ಎ 0.58 ಬಂತು. ಎಲ್ಲೋ ಓದಿದ ಪ್ರಬಂಧದಲ್ಲಿ ಆರೋಗ್ಯವಂತರದ್ದು 0.7ರ ಹತ್ತಿರ ಇತ್ತು. ಕಡಿಮೆ ಇದೆ ಸರ್, ಹಾದಿ ಸವೆದಿದೆ ಅಂತ ನಮ್ಮ ರೇಡಿಯಾಲಜಿಸ್ಟ್‌ಗೆ ಹೆಮ್ಮೆಯಿಂದ ಹೇಳಿದೆ. ಅವರು "ನಿಮ್ಮದೆಷ್ಟು?" ಅಂದರು.

ಆ ಸಂಜೆ ನಾನೇ ಒಳಗೆ ಮಲಗಿದೆ. ನನ್ನದು 0.60!

ಕೈಕಾಲು ಗಟ್ಟಿಯಿರುವ ನನಗೆ ಆ ಕಾಯಿಲೆ ಇಲ್ಲ. ವೃತ್ತ ದೊಡ್ಡದಾಗಿ ಪಕ್ಕದ ಬೂದು ಭಾಗವೂ ಸೇರಿತ್ತು, ಅಲ್ಲಿ ಎಫ್‌ಎ ಸಹಜವಾಗಿಯೇ ಕಡಿಮೆ. ಪ್ರಬಂಧದವರ ಯಂತ್ರದ ಕಾಂತಬಲ 3 ಟೆಸ್ಲಾ, ನಮ್ಮದು 1.5. ವಯಸ್ಸು ಏರಿದಂತೆಯೂ ಈ ಅಂಕಿ ಇಳಿಯುತ್ತದೆ. ಬೇರೆಯವರ ತಕ್ಕಡಿಯ ಲೆಕ್ಕವನ್ನು ನಮ್ಮ ತಕ್ಕಡಿಗೆ ಹಚ್ಚಿದ್ದೆ. ಆಮೇಲೆ ಒಪ್ಪಿದವರನ್ನೆಲ್ಲ ಮಲಗಿಸಿದೆವು: ಡ್ರೈವರ್, ಕ್ಯಾಂಟೀನಿನ ಅಣ್ಣ, ಕುಂಬಳೆಯಿಂದ ಬಂದ ನನ್ನ ಸೋದರಮಾವ. ಚಿಕ್ಕ ವೃತ್ತ, ಒಂದೇ ಮಟ್ಟದ ಸ್ಲೈಸ್, ಎಡಕ್ಕೂ ಬಲಕ್ಕೂ ಮೂರು ಮೂರು ಸಲ. ಸೋದರಮಾವನ ವಯಸ್ಸಿನವರ ಪಕ್ಕದಲ್ಲಿ ಇಟ್ಟಾಗ ಬದಿಯಡ್ಕದವರ ಅಂಕಿ ನಿಜಕ್ಕೂ ಸ್ವಲ್ಪ ಕೆಳಗಿತ್ತು. ಸ್ವಲ್ಪವೇ. ಗುಂಪಾಗಿ ನೋಡಿದರೆ ಇಂಥ ರೋಗಿಗಳಲ್ಲಿ ಎಫ್‌ಎ ಇಳಿದಿರುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಒಬ್ಬರನ್ನೇ ಮುಂದಿಟ್ಟುಕೊಂಡು ಇಷ್ಟರಿಂದ ಕಾಯಿಲೆ ಹೇಳಲು ಆಗುವುದಿಲ್ಲ. ಈ ಕಾಯಿಲೆ ಗುರುತಿಸಲು 2019ರಲ್ಲಿ ತಜ್ಞರು ಸೇರಿ ಮಾಡಿದ ಗೋಲ್ಡ್ ಕೋಸ್ಟ್ ಮಾನದಂಡಗಳೂ ರೋಗಿಯ ಲಕ್ಷಣ ಮತ್ತು ಇಎಂಜಿಯ ಮೇಲೇ ನಿಂತಿವೆ.

ಕಂಪ್ಯೂಟರ್ ಬಿಡಿಸುವ ಬಣ್ಣಬಣ್ಣದ ನರದ ಎಳೆ ಚಿತ್ರವನ್ನಂತೂ ನಾನು ಮನೆಯವರಿಗೆ ತೋರಿಸುವುದನ್ನೇ ಬಿಟ್ಟಿದ್ದೇನೆ. ಬದಿಯಡ್ಕದವರ ಮಗ ಮೊಬೈಲ್‌ನಲ್ಲಿ ಫೋಟೋ ಹೊಡೆದು, "ಇಲ್ಲಿ ನರ ಕಟ್ ಆಗಿದೆ ಅಲ್ವಾ ಅಣ್ಣ?" ಅಂತ ಕೇಳಿದ. ಕಟ್ ಆದದ್ದಲ್ಲ. ಎಫ್‌ಎ 0.2ಕ್ಕಿಂತ ಇಳಿದಲ್ಲಿ ಎಳೆ ನಿಲ್ಲಿಸು ಎಂದು ನಾನೇ ಕಂಪ್ಯೂಟರಿಗೆ ಹೇಳಿದ್ದೆ. 0.15 ಮಾಡಿ ತೋರಿಸಿದೆ, ಎಳೆ ಮುಂದಕ್ಕೆ ಬೆಳೆಯಿತು. ಹುಡುಗನ ಮುಖ ಅರಳಿತು, ನನಗೆ ಹೊಟ್ಟೆಯೊಳಗೆ ಕಿವುಚಿದಂತಾಯಿತು. ಮುಖ, ನಾಲಗೆಗೆ ಹೋಗುವ ಎಳೆಗಳು ಅಡ್ಡ ಹಾಯುವ ಬೇರೆ ಎಳೆಗಳ ನಡುವೆ ಸಿಕ್ಕಿ, ಆರೋಗ್ಯವಂತರ ಚಿತ್ರದಲ್ಲೂ ಎಷ್ಟೋ ಸಲ ಕಾಣುವುದೇ ಇಲ್ಲ ಎಂದು ಅವನಿಗೆ ವಿವರಿಸಿ ಹೇಳಲು ಕಾಲು ಗಂಟೆ ಬೇಕಾಯಿತು.

ಆರು ತಿಂಗಳ ನಂತರ ಇನ್ನೊಂದು ಸ್ಕ್ಯಾನ್ ಮಾಡಿ ಹೋಲಿಸುವ ಎಂದುಕೊಂಡಿದ್ದೆವು. ಒಬ್ಬರದೇ ಎರಡು ಅಂಕಿಗಳು ಒಂದೇ ಯಂತ್ರದಲ್ಲಿ ಸಿಕ್ಕರೆ ಹೆಚ್ಚು ಅರ್ಥ ಇರುತ್ತದೆ ಅಲ್ವಾ. ಅವರು ಬಂದರು, ವೀಲ್‌ಚೇರ್‌ನಲ್ಲಿ. ಮೇಜಿನ ಮೇಲೆ ಮಲಗಿಸಿ ತಲೆದಿಂಬು ತೆಗೆದ ಕೂಡಲೇ ಏದುಸಿರು ಶುರುವಾಯಿತು. ಮಂಗಳೂರಿಗೆ ಫೋನ್ ಮಾಡಿದೆ. "ಬೇಡ, ಅದರಿಂದ ಔಷಧಿ ಏನೂ ಬದಲಾಗುವುದಿಲ್ಲ, ಎಬ್ಬಿಸಿ" ಅಂದರು ಡಾಕ್ಟರು. ಎಬ್ಬಿಸಿದೆ. ಹೆಂಡತಿ ಆಗಲೇ ಕರಿಮಣಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ವಾಪಸ್ ಹಾಕಿಕೊಳ್ಳಿ ಅಕ್ಕ ಅಂದೆ.