ಎಕ್ಸ್‌ಟೆಂಡೆಡ್ 'ಲಾರ್ಡ್ ಆಫ್ ದ ರಿಂಗ್ಸ್' ಥಿಯೇಟರಿಗೆ ಬಂದರೆ ಹೀಗೆ ನೋಡಿ

ಟಿಕೆಟ್ ತಗೊಳ್ಳುವ ಮೊದಲು ಸಿನಿಮಾ ಎಷ್ಟು ನಿಮಿಷದ್ದು ಅಂತ ನೋಡಿ. ಪೋಸ್ಟರಿನಲ್ಲಿ 'ರೀಮಾಸ್ಟರ್' ಅಂತ ಇದ್ದ ಮಾತ್ರಕ್ಕೆ ಹೊಸ ದೃಶ್ಯಗಳು ಇರುತ್ತವೆ ಅಂತಲ್ಲ. ರೀಮಾಸ್ಟರ್ ಅಂದರೆ ಚಿತ್ರ, ಬಣ್ಣ, ಸದ್ದನ್ನು ಹೊಸದಾಗಿ ತಿದ್ದಿದ್ದು. ಎಕ್ಸ್‌ಟೆಂಡೆಡ್ ಅಂದರೆ ಮೊದಲ ಬಿಡುಗಡೆಯಲ್ಲಿ ಇಲ್ಲದ ದೃಶ್ಯಗಳನ್ನು ಸೇರಿಸಿದ್ದು. ಎರಡೂ ಜೊತೆಗೇ ಬರಬೇಕು ಅಂತೇನಿಲ್ಲ.

2001, 2002, 2003ರಲ್ಲಿ ಬಂದ ಈ ಫ್ಯಾಂಟಸಿ ಸಿನಿಮಾದ ಮೂರು ಭಾಗಗಳು ಆಗ 178, 179, 201 ನಿಮಿಷ ಇದ್ದವು. ಎಕ್ಸ್‌ಟೆಂಡೆಡ್ ಆದರೆ 228, 235, 263 ನಿಮಿಷ. ಮೊದಲ ಭಾಗಕ್ಕೆ 3 ಗಂಟೆಗಿಂತ ಕಡಿಮೆ ತೋರಿಸುತ್ತಿದ್ದರೆ ಅದು ಹಳೆಯ ಆವೃತ್ತಿಯೇ. ಅಂದಹಾಗೆ ಜಾಸ್ತಿಯಾದ ಸಮಯವೆಲ್ಲ ಕಥೆಯಲ್ಲ. ಮೊದಲ ಭಾಗದಲ್ಲಿ ಹೊಸ ದೃಶ್ಯ ಸುಮಾರು 30 ನಿಮಿಷ, ಉಳಿದ 20 ನಿಮಿಷ ಕೊನೆಯಲ್ಲಿ ಓಡುವ ಫ್ಯಾನ್ ಕ್ಲಬ್ ಸದಸ್ಯರ ಹೆಸರುಗಳು. ಮನೆ ದೂರ ಇದ್ದವರು ಆಗ ಎದ್ದು ಹೊರಡಬಹುದು.

ಈ ಕಥೆಯನ್ನು ಒಮ್ಮೆಯೂ ನೋಡಿಲ್ವಾ? ಹಾಗಾದರೆ ಮೊದಲು ಮನೆಯಲ್ಲಿ ಚಿಕ್ಕ ಆವೃತ್ತಿಯನ್ನೇ ನೋಡಿ. ಅದರ ಓಟ ಚೆನ್ನಾಗಿದೆ. ಮೂರನೇ ಭಾಗದಲ್ಲಂತೂ ಕಡಲ್ಗಳ್ಳರ ಹಡಗುಗಳು ದಡಕ್ಕೆ ಬರುವಾಗ ಸಿಗುವ ಅಚ್ಚರಿಯನ್ನು ಉದ್ದದ ಆವೃತ್ತಿ ಮೊದಲೇ ಬಿಟ್ಟುಕೊಡುತ್ತದೆ, ಅದು ನನಗೆ ಇವತ್ತಿಗೂ ಇಷ್ಟವಾಗಿಲ್ಲ. ಆದರೆ ಕಥೆ ಗೊತ್ತಿದ್ದವರು ಎರಡನೇ ಭಾಗವನ್ನು ಬಿಡಲೇಬೇಡಿ. ಅಣ್ಣತಮ್ಮಂದಿರಾದ ಬೊರೊಮಿರ್, ಫರಾಮಿರ್ ಮತ್ತು ಅವರ ಅಪ್ಪ ಒಟ್ಟಿಗೆ ಇರುವ ದೃಶ್ಯ ಅದರಲ್ಲಿದೆ. ಅಪ್ಪ ದೊಡ್ಡ ಮಗನನ್ನು ಹೊಗಳುತ್ತಾ ಚಿಕ್ಕವನನ್ನು ಹೇಗೆ ನೋಡುತ್ತಾನೆ ಅಂತ ಕಂಡ ಮೇಲೆ, ಫರಾಮಿರ್ ಮುಂದೆ ಮಾಡುವುದೆಲ್ಲ ಬೇರೆಯೇ ಆಗಿ ಕಾಣುತ್ತದೆ. ಮೂರನೆಯದರಲ್ಲಿ ಕೆಟ್ಟ ಮಾಂತ್ರಿಕ ಸರುಮಾನ್ ಏನಾದ ಅನ್ನುವುದಕ್ಕೂ ಉತ್ತರ ಇದೆ.

ಪರದೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಸೌಂಡ್ ಹೇಗಿದೆ ಅಂತ ವಿಚಾರಿಸಿ. 2020ರ 4ಕೆ (ತುಂಬಾ ಸೂಕ್ಷ್ಮ ವಿವರ ಕಾಣುವ ಚಿತ್ರ) ರೀಮಾಸ್ಟರಿಗೆ ಡಾಲ್ಬಿ ಅಟ್ಮಾಸ್, ಅಂದರೆ ಸುತ್ತಲಿಂದಲೂ ಮೇಲಿಂದಲೂ ಕೇಳಿಸುವ ಸೌಂಡ್ ಮಾಡಿದ್ದಾರೆ, ಹಾಗಾಗಿ ಅಟ್ಮಾಸ್ ಇರುವ ಹಾಲ್ ಸಿಕ್ಕರೆ ಸುಮ್ನೆ ಅದನ್ನೇ ಹಿಡಿಯಿರಿ. ಚಿತ್ರ ಎಲ್ಲ ಕಡೆ ಒಂದೇ ಸಮ ಸ್ಪಷ್ಟವಾಗಿರುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ಆಗಿನ ಕಂಪ್ಯೂಟರ್ ಗ್ರಾಫಿಕ್ಸ್ ಮಾಡಿದ್ದು 4ಕೆಗಿಂತ ಕಡಿಮೆ ವಿವರದ 2ಕೆಯಲ್ಲಿ, ಅಂಥ ಕೆಲವು ಶಾಟ್‌ಗಳು ಸ್ವಲ್ಪ ಮಸುಕಾಗಿ ಕಾಣುತ್ತವೆ. ಆದರೆ ಮಿನಾಸ್ ತಿರಿತ್ ನಗರ ಬಂದಾಗ ಗಮನವಿಟ್ಟು ನೋಡಿ. ಅದಕ್ಕೆ ಕೈಯಲ್ಲಿ ದೊಡ್ಡ ಮಾಡೆಲ್ ಕಟ್ಟಿ ಶೂಟ್ ಮಾಡಿದ್ದರು, ಆ ಕಲ್ಲಿನ ಗೋಡೆಗಳ ಕೆಲಸ ಟಿವಿಯಲ್ಲಿ ಅರ್ಧವೂ ಕಾಣುವುದಿಲ್ಲ.

ಸೀಟು ಮಧ್ಯಕ್ಕಿಂತ ಸ್ವಲ್ಪ ಹಿಂದಿನ ಸಾಲಿನಲ್ಲಿ, ಓಡಾಡುವ ದಾರಿಯ ಪಕ್ಕ ಇರಲಿ. 4 ಗಂಟೆಯ ಸಿನಿಮಾ ಅಲ್ವಾ, ಏಳಲೇಬೇಕಾಗುತ್ತದೆ. ಇಂಟರ್ವಲ್ ಇದೆಯಾ ಅಂತ ಮೊದಲೇ ಕೇಳಿ. ಇಲ್ಲ ಅಂದರೆ ಮೊದಲ ಭಾಗದಲ್ಲಿ ಎಲ್ಫ್‌ಗಳ ನಾಯಕ ಎಲ್ರಾಂಡ್ ಕರೆದ ಸಭೆ ಮುಗಿದ ಕೂಡಲೇ ಎದ್ದು ಹೋಗಿ ಬನ್ನಿ, ಡಿಸ್ಕ್‌ನಲ್ಲೂ ಸಿನಿಮಾವನ್ನು ಅಲ್ಲೇ ಎರಡಾಗಿ ಮಾಡಿದ್ದಾರೆ.

ಮೂರನ್ನೂ ಒಂದೇ ದಿನ ನೋಡುವ ಆಸೆ ಬೇಡ, ಒಟ್ಟು 12 ಗಂಟೆ ಆಗುತ್ತದೆ. 2024ರ ಜೂನ್‌ನಲ್ಲಿ ಅಮೆರಿಕದ ಥಿಯೇಟರುಗಳಲ್ಲಿ ದಿನಕ್ಕೊಂದರಂತೆ ಮೂರು ದಿನ ತೋರಿಸಿದ್ದರು. ನಿಮ್ಮಲ್ಲೂ ಹಾಗೇ ಬಂದರೆ ಮೂರಕ್ಕೂ ಒಟ್ಟಿಗೇ ಬುಕ್ ಮಾಡಿ, ಮೂರನೆಯದಕ್ಕೆ ಮಾತ್ರ ಮರುದಿನ ರಜೆ ಇಟ್ಟುಕೊಳ್ಳಿ.